ನಾಲ್ಕನೇ ಸಾಲಿನ ಜನರೇಟರು

ಊರ ಹೊರಗಿನ ಹೊಲದ ದಾರಿಯಾದ ನಾಲ್ಕನೇ ಸಾಲಿನ ಮನೆಯವರೆಲ್ಲ ಸೇರಿ ಕೊಂಡಿದ್ದ ಜನರೇಟರನ್ನು ಶುಕ್ರವಾರ ಬೆಳಿಗ್ಗೆ ಪುರಸಭೆಯ ಲಾರಿ ಬಂದು ಎಳೆದುಕೊಂಡು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಅದು ಮೇಯರ್ ಗಾಸ್ತೋಂ ಪೆರಾನ ಭಾವಮೈದುನನ ಮೋಟೆಲಿನ ಹಿಂದೆ ಓಡುತ್ತಿತ್ತು.

ಸೋಮವಾರ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಬೀಳುವಾಗ ನೀರು, ಮುಟ್ಟಿದ ಮೇಲೆ ಗಾಜಿನಂಥ ಮಂಜುಗಡ್ಡೆ. ಬೇಲಿಯ ತಂತಿ ಹೆಂಗಸಿನ ಮುಂಗೈಯಷ್ಟು ದಪ್ಪವಾಗಿತ್ತು. ಮೇಪಲ್ ತೋಪಿನಲ್ಲಿ ಕೊಂಬೆಗಳು ಹಗಲಿರುಳೆನ್ನದೆ ಕೋವಿ ಹಾರಿಸಿದ ಹಾಗೆ ಸದ್ದು ಮಾಡಿ ಮುರಿಯುತ್ತಿದ್ದವು. ಹೊಲಗಳ ಆಚೆ ಸಾಲಾಗಿ ನಿಂತಿದ್ದ ಉಕ್ಕಿನ ವಿದ್ಯುತ್ ಗೋಪುರಗಳು ಒಂದು ಬಿದ್ದದ್ದೇ ನೆಪವಾಗಿ, ಒಂದರ ಕೈ ಹಿಡಿದು ಇನ್ನೊಂದು ಮಂಡಿಯೂರಿ ಮಲಗಿಬಿಟ್ಟಿದ್ದವು. ಸೇಂತ್-ಓದಿಲ್ ಊರಿಗೆ ಊರೇ ಕತ್ತಲು. ಅದರ ಆಚೆಯ ಊರುಗಳೂ ಕತ್ತಲು.

ಹಾಗಿದ್ದರೂ ನಾಲ್ಕನೇ ಸಾಲಿನವರು ಶುಕ್ರವಾರದವರೆಗೆ ಬೆಚ್ಚಗಿದ್ದರು. ಗಾಲಿಗಳ ಮೇಲೆ ಕೂತ ಆ ಡೀಸೆಲ್ ಜನರೇಟರು ಹಳೆಯ ಕಾಲದ ಪಾದ್ರಿಯ ಹಾಗೆ ಮನೆಮನೆಗೆ ಬರುತ್ತಿತ್ತು. ಮೊದಲು ಜಿಲೇನ್ ತೆತ್ರೋಳ ಕೊಟ್ಟಿಗೆಗೆ, ಯಾಕೆಂದರೆ ಹಸುವಿಗೆ ಕಾಯಲು ಬರುವುದಿಲ್ಲ. ಆಮೇಲೆ ಒಂದೊಂದೇ ಮನೆಗೆ. ಅದು ಯಾರ ಮನೆಯಲ್ಲಿದೆಯೋ ಆ ಹೊತ್ತು ಅವರ ಮನೆಯಲ್ಲಿ ಎಲ್ಲರಿಗೂ ಸ್ನಾನ, ಎಲ್ಲರ ಬಟ್ಟೆ ಒಗೆತ, ಎಲ್ಲರಿಗೂ ಕಾಫಿ. ಟ್ರ್ಯಾಕ್ಟರಿಗೆ ಕಟ್ಟಿ ಅದನ್ನು ಮುಂದಿನ ಮನೆಗೆ ಎಳೆಯುವಾಗ ಮಕ್ಕಳು ಮೆರವಣಿಗೆಯಂತೆ ಹಿಂದೆ ಜಾರುತ್ತ ಹೋಗುತ್ತಿದ್ದರು. ಇದನ್ನು ಯಾವ ಮೇಯರೂ ಏರ್ಪಾಡು ಮಾಡಿರಲಿಲ್ಲ.

ಪುರಸಭೆಯ ಡ್ರೈವರ್ ನೋರ್ಮಾಂ ಅದನ್ನು ಲಾರಿಗೆ ಕಟ್ಟುವಾಗ ತಲೆ ಎತ್ತಲಿಲ್ಲ.

"ನನ್ನನ್ನ ಬೈಬೇಡಿ. ತುರ್ತು ಪರಿಸ್ಥಿತಿ ಅಂತೆ. ಸಾರ್ವಜನಿಕ ಉಪಯೋಗಕ್ಕೆ ಅಂತ ಮೇಯರು ಹೇಳಿದ್ರು. ನಾನು ಬರೀ ಡ್ರೈವರ್ರು."

"ನಾವೇನು ಖಾಸಗಿ ಜನಾನಾ?" ಎಂದಳು ಪಕ್ಕದ ಮನೆಯ ಲಿಸೆಟ್. ಅವಳು ಮಾತಿನಲ್ಲಿ ಯಾರಿಗೂ ಸಾಲ ಉಳಿಸಿಕೊಂಡವಳಲ್ಲ. "ಬರೀ ಡ್ರೈವರ್ರು ಅಂದ್ರೆ ಸ್ಟೀರಿಂಗ್ ಹಿಡೀಬೇಕಪ್ಪ. ಸರಪಳಿ ಹಾಕ್ತಿರೋ ಕೈ ಯಾರದ್ದು, ಬಿಷಪ್ಪಂದಾ?"

ಲಿಸೆಟ್‌ಳ ಗಂಡ ಇವೋನ್ ಚರ್ಚಿನ ಪೀಠದಿಂದ ಹಿಡಿದು ಪೂಜೆಯ ಬಟ್ಟಲಿನವರೆಗೆ ಒಂದೊಂದನ್ನೇ ಹೆಸರಿಸಿ ಬೈದ. ನಮ್ಮಲ್ಲಿ ಬೈಗುಳವೂ ಭಕ್ತಿಯ ದಾರಿಯಲ್ಲೇ ಹೋಗಬೇಕು. ಬೈದು ಮುಗಿಸಿ, ಅದೇ ಉಸಿರಿನಲ್ಲಿ ನೋರ್ಮಾಂಗೆ ಹೇಳಿದ: "ತಿರುವಿನಲ್ಲಿ ಹುಷಾರು. ಅಲ್ಲಿ ರಸ್ತೆ ಬೆಣ್ಣೆ ಆಗಿದೆ."

ಇವೋನ್ ಅಂಥವನು. ಜಗಳ ಅವನ ಬಾಯಿಂದ ಹೊರಡುತ್ತಿತ್ತು, ಗಂಟಲಿಂದ ಕೆಳಕ್ಕೆ ಇಳಿಯುತ್ತಿರಲಿಲ್ಲ.

ಜಿಲೇನ್ ಬೈಯಲಿಲ್ಲ. ಅವಳಿಗೆ ಐವತ್ತು ದಾಟಿತ್ತು. ಅಪ್ಪ ಸತ್ತ ಮೇಲೆ ಈ ಕೊಟ್ಟಿಗೆಯನ್ನು ಒಬ್ಬಳೇ ನಡೆಸಿಕೊಂಡು ಬಂದವಳು. ಲಾರಿ ಹೊರಟಾಗ ಅವಳ ಕಿವಿಯೆಲ್ಲ ಕೊಟ್ಟಿಗೆಯ ಕಡೆಗಿತ್ತು. ಬೆಳಗಿನ ಹಾಲು ಕರೆದಾಗಿತ್ತು. ಸಂಜೆಯದು? ಹಾಲು ಕರೆಯುವ ಯಂತ್ರ ಓಡದಿದ್ದರೆ ಕೆಚ್ಚಲು ಕಲ್ಲಾಗುತ್ತದೆ, ಜ್ವರ ಬರುತ್ತದೆ. ಮೂವತ್ತು ಹಸು ವಾರದೊಳಗೆ ಕಸಾಯಿಖಾನೆಯ ದಾರಿ ಹಿಡಿಯಬಹುದು. ಅವಳ ಪಾಲಿಗೆ ಈ ಮಂಜಿನ ಮಳೆಯೆಂದರೆ ಅಷ್ಟೇ: ಆ ಮೂವತ್ತು ಕೆಚ್ಚಲು.

ಸಂಜೆ ಹೊತ್ತಿಗೆ ಕೊಟ್ಟಿಗೆಯಿಂದ ಕೂಗು ಎದ್ದಿತು. ಸಾಲಿನವರೆಲ್ಲ ಬಂದರು, ಯಾರೂ ಕರೆಯದೆ. ಜಾರದಂತೆ ಬೂಟಿನ ಅಡಿಗೆ ಒಳಗಿನಿಂದ ತಿರುಪು ಮೊಳೆ ಬಿಗಿದುಕೊಂಡು, ಒಲೆಯ ಬೂದಿಯನ್ನು ಮುಂದೆ ಚೆಲ್ಲುತ್ತ, ಚೆಲ್ಲಿದ ಬೂದಿಯ ಮೇಲೆ ಹೆಜ್ಜೆ ಇಡುತ್ತ, ಬಾತುಕೋಳಿಗಳ ಹಾಗೆ ಬಂದರು. ಕೈಯಲ್ಲಿ ಬಕೆಟ್ಟು, ಹೆಂಗಸರ ಕೈಯಲ್ಲಿ ಸೂಪಿನ ಪಾತ್ರೆ.

ಕೈಯಲ್ಲಿ ಹಾಲು ಕರೆಯುವುದು ಗೊತ್ತಿದ್ದವರು ಬೆರಳೆಣಿಕೆ. ಗೊತ್ತಿದ್ದವರು ಗೊತ್ತಿಲ್ಲದವರಿಗೆ ತೋರಿಸಿದರು. ಆದರೆ ಹಸುಗಳಿಗೆ ಕಲಿಸುವವರು ಯಾರು? ಅವು ಹುಟ್ಟಿದಂದಿನಿಂದ ಯಂತ್ರವನ್ನೇ ಕಂಡವು. ಮನುಷ್ಯರ ಬೆರಳು ತಾಗಿದ ಕೂಡಲೇ ಕಾಲು ಝಾಡಿಸಿದವು. ಇವೋನ್ ಬಕೆಟ್ಟಿನ ಸಮೇತ ಗಂಜಲದ ಕಾಲುವೆಗೆ ಬಿದ್ದ.

"ಒದೀಲಿ ಬಿಡು," ಎಂದಳು ಲಿಸೆಟ್. "ಇಪ್ಪತ್ತೈದು ವರ್ಷದಿಂದ ನಾನು ಮಾಡ್ಬೇಕು ಅಂದ್ಕೊಂಡಿದ್ದನ್ನ ಅದು ಮಾಡಿದೆ."

ಒದೆಯದ ಹಸುಗಳೂ ಹಾಲು ಇಳಿಸಲಿಲ್ಲ. ಕೆಚ್ಚಲು ತುಂಬಿ ಬಿರಿಯುತ್ತಿದೆ, ತೊಟ್ಟಿನಲ್ಲಿ ನಾಲ್ಕು ಹನಿ. ಬಿಸಿನೀರ ಬಟ್ಟೆ ಒತ್ತಿದರು. ಹಾಡಿದರು, ಗದರಿದರು. ಒಬ್ಬಳಂತೂ ಹಸುವಿನ ಕಿವಿಯಲ್ಲಿ ಜಪಮಾಲೆಯನ್ನೇ ಹೇಳಿದಳು. ಕೋಂತೆಸ್ ಎಂಬ ಕಪ್ಪು ಹಸು ಜಿಲೇನ್‌ಗೆ ಎಲ್ಲಕ್ಕಿಂತ ಹತ್ತಿರದ್ದು. ಅದರ ಕೆಚ್ಚಲಿನ ಒಂದು ಭಾಗ ಆಗಲೇ ಕೆಂಪಾಗಿ ಸುಡುತ್ತಿತ್ತು. ಜಿಲೇನ್ ಅದರ ಹೊಟ್ಟೆಗೆ ಹಣೆ ಆನಿಸಿ, "ಬಿಡೇ ತಾಯಿ, ಬಿಡೇ," ಎಂದಳು. ಕೋಂತೆಸ್ ಬಿಡಲಿಲ್ಲ.

ಬಾಗಿಲ ಬಳಿ ಹಾಲಿನ ಕ್ಯಾನಿನ ಮೇಲೆ ಒನೆಸೀಮ್ ಕೂತಿದ್ದ. ಜಿಲೇನ್‌ಳ ಅಪ್ಪನ ತಮ್ಮ, ಸಾಲಿಗೆಲ್ಲ ಚಿಕ್ಕಪ್ಪ. ಸಂಧಿವಾತದ ಕೈಯಿಂದ ಅವನು ಹಾಲು ಕರೆಯುವಂತಿರಲಿಲ್ಲ. ಬಟಾಣಿ ಸೂಪು ಕುಡಿದು ಮುಗಿಸಿದ್ದ. ಚಳಿಗೆ ಬೆರಳು ಮರಗಟ್ಟುತ್ತಿದ್ದವು. ಸುಮ್ಮನೆ ಇರಲಾರದೆ ಎರಡು ಸೂಪಿನ ಚಮಚೆಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಹಿಡಿದು, ತೊಡೆಗೂ ಅಂಗೈಗೂ ಬಡಿಯತೊಡಗಿದ. ಹೊಸ ವರ್ಷದ ರಾತ್ರಿ ಪಿಟೀಲಿನ ಜೊತೆ ಬಡಿಯುತ್ತಾರಲ್ಲ, ಹಾಗೆ. ಚಮಚೆಯ ಜೊತೆಗೆ ಕಾಲೂ ತಾನಾಗಿ ಹಲಗೆಯ ಮೇಲೆ ಕುಟ್ಟತೊಡಗಿತು. ಟಕ್ಕ-ಟಕ್ಕ, ಟಕ್ಕ-ಟಕ್ಕ.

"ಚಿಕ್ಕಪ್ಪ, ಇದೇನು ಮದುವೆ ಮನೆನಾ?" ಎಂದು ಇವೋನ್ ರೇಗಿದ.

ಅಷ್ಟರಲ್ಲಿ ಜಿಲೇನ್‌ಳ ಕೈಯೊಳಗೆ ಏನೋ ಸಡಿಲವಾಯಿತು. ಕೋಂತೆಸ್‌ಳ ಕಿವಿ ಹಿಂದಕ್ಕೆ ತಿರುಗಿತ್ತು. ಬಕೆಟ್ಟಿನ ತಳಕ್ಕೆ ಹಾಲಿನ ಧಾರೆ ಚುರ್ರೆಂದು ಬಿತ್ತು.

"ನಿಲ್ಲಿಸ್ಬೇಡ ಚಿಕ್ಕಪ್ಪ!"

ಮುದುಕನಿಗೆ ಹುರುಪು ಬಂತು. ತಾಳ ಏರಿಸಿದ, ಕುಣಿತದ ಮಟ್ಟಿಗೆ ತಂದ. ಧಾರೆ ನಿಂತಿತು.

"ನಿಧಾನ, ನಿಧಾನ! ಕುಣಿಸ್ಬೇಡ. ಮೆಷಿನ್ನು ಹೇಗೆ ಓಡುತ್ತೆ? ಟಕ್ಕ... ಟಕ್ಕ... ಟಕ್ಕ... ಬೇಜಾರಾಗೋ ಹಾಗೆ ಬಡಿ. ಭಾನುವಾರದ ಪ್ರವಚನದ ಥರ."

"ನನ್ನ ಜನ್ಮದಲ್ಲಿ ಯಾರೂ ನನಗೆ ಬೇಜಾರಾಗೋ ಹಾಗೆ ಬಡಿ ಅಂದಿರ್ಲಿಲ್ಲ," ಎಂದು ಒನೆಸೀಮ್ ಗೊಣಗಿದ. ಆದರೂ ಬಡಿದ. ಟಕ್ಕ... ಟಕ್ಕ... ಸಾಲಿನುದ್ದಕ್ಕೂ ಹಸುಗಳ ಕಿವಿಗಳು ಒಂದೊಂದಾಗಿ ತಿರುಗಿದವು. ಒಂದೊಂದು ಬಕೆಟ್ಟೂ ಚುರ್ರೆಂದಿತು. ಸೂಪಿನ ಪಾತ್ರೆಗಳ ಸುತ್ತ ಇದ್ದ ಚಮಚೆಗಳೆಲ್ಲ ಹಾಲು ಕರೆಯಲು ಬಾರದವರ ಕೈಗೆ ಹೋದವು. ಕೊಟ್ಟಿಗೆಯ ನಾಲ್ಕು ಮೂಲೆಯಲ್ಲಿ ನಾಲ್ಕು ಜನ ಕೂತು, ಮುಖದಲ್ಲಿ ನಗು ತಡೆದುಕೊಂಡು, ಜಗತ್ತಿನ ಅತಿ ಬೇಸರದ ಸಂಗೀತ ಬಾರಿಸಿದರು. ಕೊನೆಯ ಹಸು ಹಗುರಾಗುವಷ್ಟರಲ್ಲಿ ಎಲ್ಲರ ಮುಂಗೈ ಊದಿತ್ತು. ಜಿಲೇನ್ ಕೊಟ್ಟಿಗೆಯ ನಡುವೆ ನಿಂತು ಜೋರಾಗಿ ನಕ್ಕಳು. ಅತ್ತಳೋ ಏನೋ, ಲಾಟೀನಿನ ಬೆಳಕಿಗೆ ಸರಿಯಾಗಿ ಕಾಣಲಿಲ್ಲ.

ಆವತ್ತಿನಿಂದ ಸಾಲಿಗೆ ಸಾಲೇ ಜಿಲೇನ್‌ಳ ಮನೆಗೆ ಬಂದುಬಿಟ್ಟಿತು. ಎಲ್ಲರನ್ನೂ ಬೆಚ್ಚಗಿಡುವಷ್ಟು ದೊಡ್ಡ ಸೌದೆ ಒಲೆ ಇದ್ದದ್ದು ಅವಳಲ್ಲಿ ಮಾತ್ರ. ಅಡುಗೆಮನೆಯಲ್ಲಿ ಅಂಗೈಯಗಲ ಜಾಗವಿಲ್ಲ. ಮೆಟ್ಟಿಲ ಮೇಲೆ ಮಕ್ಕಳು, ಮೇಜಿನ ಕೆಳಗೆ ನಾಯಿಗಳು. ಒಲೆಯ ಮೇಲಿನ ಹಗ್ಗದಲ್ಲಿ ಯಾರ ಕಾಲುಚೀಲ ಯಾರದ್ದೋ ಕಾಲುಚೀಲದ ಜೊತೆ ಬೆಚ್ಚಗಾಗುತ್ತಿತ್ತು. ಕರೆಂಟಿಲ್ಲದ ಫ್ರೀಜರುಗಳಲ್ಲಿ ಮಾಂಸ ಕರಗತೊಡಗಿತ್ತಾದ್ದರಿಂದ, ಇಡೀ ಚಳಿಗಾಲಕ್ಕೆಂದು ಇಟ್ಟ ಮೂಸ್ ಜಿಂಕೆಯ ಮಾಂಸವನ್ನು ದೊರೆಗಳಂತೆ ತಿಂದರು. ಹಾಲಿನ ಲಾರಿ ಬರುವ ದಾರಿಯಿಲ್ಲ. ಹಾಲು ಚೆಲ್ಲಬೇಕು. ಚೆಲ್ಲುವ ಮುಂಚೆ ಲಿಸೆಟ್ ದೊಡ್ಡ ಕಡಾಯಿಯಲ್ಲಿ ಅಕ್ಕಿ ಪಾಯಸ ಕಾಯಿಸಿದಳು, ಮೇಲೆ ಮೇಪಲ್ ಪಾಕ ಸುರಿದಳು. ಉಳಿದದ್ದು ಕಾಲುವೆಗೆ ಹೋಗಿ ಬಿಳಿಯ ಗಾಜಾಯಿತು.

"ಈ ಮಳೆ ಯಾಕೆ ಹೀಗೆ ಬೀಳುತ್ತೆ ಚಿಕ್ಕಪ್ಪ?" ಎಂದು ಒಂದು ಮಗು ಕೇಳಿತು.

"ಮೇಲೆ ಬೆಚ್ಚಗಿನ ಗಾಳಿ, ದಕ್ಷಿಣದಿಂದ ಬಂದಿದ್ದು. ಕೆಳಗೆ ಈ ಕಣಿವೆಯಲ್ಲಿ ತಣ್ಣಗಿನ ಗಾಳಿ, ಹಠಮಾರಿ ಮುದುಕಿ ಹಾಗೆ ಕೂತುಬಿಟ್ಟಿದೆ. ಏಳಲ್ಲ ಅನ್ನುತ್ತೆ. ಮೇಲಿಂದ ನೀರು ಬರುತ್ತೆ, ಹೆಪ್ಪಾಗೋಕೆ ದಾರಿಯಲ್ಲಿ ಪುರಸೊತ್ತೇ ಇಲ್ಲ. ನೆಲ ಮುಟ್ಟಿದ ಮೇಲೆ ಆಗುತ್ತೆ."

"ಅದು ದೇವರ ಪಾಲು," ಎಂದಳು ಜಿಲೇನ್, ಹಿಟ್ಟು ನಾದುತ್ತ. "ತಂತಿ ಮೇಲೆ ಕೊಂಬೆ ಬಿದ್ದಿದ್ದು ಗಾಸ್ತೋಂ ಪಾಲು. ಎಷ್ಟು ಸಲ ಕೇಳಿದ್ವಿ, ಈ ಸಾಲಿನ ಕೊಂಬೆ ಕಡಿಸು ಅಂತ? ಊರೊಳಗಿನ ಮರಗಳಿಗೆ ಮಾತ್ರ ಕ್ಷೌರ ಆಯ್ತು. ನಮ್ಮ ಕಡೆ ಕತ್ತರಿ ಬರ್ಲಿಲ್ಲ."

ಬ್ಯಾಟರಿ ರೇಡಿಯೋದಲ್ಲಿ ಅದೇ ಗಾಸ್ತೋಂನ ದನಿ ಬಂತು. ನಮ್ಮೂರಿನಲ್ಲಿ ನಾವೆಲ್ಲರೂ ಇರುವುದನ್ನು ಹಂಚಿಕೊಳ್ಳುತ್ತಿದ್ದೇವೆ, ಎಂದ.

"ಹೌದು," ಎಂದಳು ಲಿಸೆಟ್. "ನಮ್ಮದನ್ನ ಅವನು ಹಂಚ್ಕೊಳ್ತಿದಾನೆ."

ಅಡುಗೆಮನೆಯೆಲ್ಲ ನಕ್ಕಿತು. ನಿಜ ಹೇಳಬೇಕೆಂದರೆ ಅವರು ಸುಖವಾಗಿದ್ದರು. ಇದನ್ನು ಹೇಳಲು ಸಂಕೋಚವಾಗುತ್ತದೆ. ಆಚೆ ಊರಲ್ಲಿ ಮಾಂಸ ಸುಡುವ ಇದ್ದಿಲ ಒಲೆಯನ್ನು ಮನೆಯೊಳಗೆ ಹಚ್ಚಿಕೊಂಡು ಒಂದು ಕುಟುಂಬ ನಿದ್ದೆಯಲ್ಲೇ ಹೋಗಿತ್ತು; ಶಾಲೆಯ ಗಂಜಿಕೇಂದ್ರದಲ್ಲಿ ಮುದುಕರು ಬೆಂಚಿನ ಮೇಲೆ ಕೆಮ್ಮುತ್ತಿದ್ದರು. ಇವೋನ್‌ನ ಮೇಪಲ್ ತೋಪು ತಲೆಯಿಲ್ಲದ ಕಂಬಗಳ ಸಾಲಾಗಿತ್ತು. ಅವನ ಅಜ್ಜ ನೆಟ್ಟ ಮರಗಳು. ದಿನಕ್ಕೊಮ್ಮೆ ಹೋಗಿ ನೋಡಿ ಬಂದು ಇಸ್ಪೀಟಿಗೆ ಕೂರುತ್ತಿದ್ದ. ಆದರೂ ಎರಡು ಹೊತ್ತು ಕೊಟ್ಟಿಗೆಗೆ ಹೋಗಿ ಬಂದ ಮೇಲೆ, ಊದಿದ ಕೈಗಳಿಗೆ ಹಂದಿಕೊಬ್ಬು ಸವರಿಕೊಂಡು ಒಲೆಯ ಸುತ್ತ ಕೂತಾಗ, ನೆರೆಮನೆ ಇಷ್ಟು ಹತ್ತಿರ ಇದೆಯೆಂದು ಎಷ್ಟೋ ವರ್ಷಗಳ ಮೇಲೆ ಅವರಿಗೆ ಗೊತ್ತಾಗಿತ್ತು.

ಕಷ್ಟವಿದ್ದದ್ದು ನೀರಿನದು. ಪಂಪಿಲ್ಲ. ತೊರೆಯ ಗಾಜು ಒಡೆದು, ಬಕೆಟ್ಟಿನಲ್ಲಿ ಹೊತ್ತು ತಂದು ಮೂವತ್ತು ಹಸುಗಳಿಗೆ ಕುಡಿಸಬೇಕು. ಇವೋನ್ ಎರಡು ಸಲ ಜಾರಿ ಬಿದ್ದ. ಲಿಸೆಟ್‌ಳ ಮುಂಗೈ ರೊಟ್ಟಿಯಂತೆ ಉಬ್ಬಿ, ಬೆಳಿಗ್ಗೆ ಕಾಫಿ ಲೋಟ ಹಿಡಿಯಲೂ ಎರಡೂ ಕೈ ಬೇಕಾಗುತ್ತಿತ್ತು. ಕೋಂತೆಸ್‌ಳ ಜ್ವರ ಇಳಿದಿತ್ತು, ಪೂರ್ತಿ ಬಿಟ್ಟಿರಲಿಲ್ಲ. ಇನ್ನೊಂದು ವಾರ ಈ ಕೈಗಳು ತಡೆಯುತ್ತವೆಯೇ? ಜಿಲೇನ್ ಯಾರಿಗೂ ಹೇಳದೆ ಒಳಗೊಳಗೇ ಲೆಕ್ಕ ಹಾಕುತ್ತಿದ್ದಳು.

ಮುಂದಿನ ಬುಧವಾರ ಬೆಳಗಿನ ಹಾಲಿನ ಹೊತ್ತಿಗೆ ಪುರಸಭೆಯ ಲಾರಿ ಅಂಗಳಕ್ಕೆ ಬಂತು. ಹಿಂದೆ ಜನರೇಟರು. ಅದರ ಹಿಂದೆ ದೂರದರ್ಶನದವರ ವ್ಯಾನು.

ಮಕ್ಕಳು ಕಿರುಚಿಕೊಂಡು ಓಡಿದರು. ಇವೋನ್ ಆಗಲೇ ಕೊಂಡಿ ಬಿಚ್ಚಲು ಹೊರಟಿದ್ದ. ಕಿತ್ತಳೆ ಬಣ್ಣದ ಹೊಸ ಕೋಟು ತೊಟ್ಟ ಗಾಸ್ತೋಂ ಕೆಳಗಿಳಿದು, ಕೈಯೆತ್ತಿ ಅವನನ್ನು ತಡೆದ. ನೇರ ಕೊಟ್ಟಿಗೆಯೊಳಗೆ ಬಂದ. ಹಿಂದೆಯೇ ಬಿಳಿ ಬೂಟಿನ ಹುಡುಗಿಯೊಬ್ಬಳು ಮೈಕು ಹಿಡಿದು, ಅವಳ ಹಿಂದೆ ಕ್ಯಾಮೆರಾ ಹೊತ್ತವನು.

"ನಮಸ್ಕಾರ ಮದಾಮ್ ತೆತ್ರೋ! ಹೇಗಿದ್ದೀರಿ? ನಿಮ್ಮ ಕಷ್ಟ ನನಗೆ ಗೊತ್ತು."

ಜಿಲೇನ್ ಬಕೆಟ್ಟಿನಿಂದ ತಲೆ ಎತ್ತಿದಳು. "ಏನೋ ಗಾಸ್ತೋಂ, ಕ್ಯಾಮೆರಾ ಬಂದ ಕೂಡ್ಲೆ ನಾನು 'ನೀವು' ಆಗ್ಬಿಟ್ನಾ? ಮೂರನೇ ಕ್ಲಾಸಲ್ಲಿ ನನ್ನ ಜಡೆ ಶಾಯಿಗೆ ಅದ್ದಿದ್ದು ನೀನೇ ತಾನೆ?"

ಹುಡುಗಿ ನಗು ನುಂಗಿದಳು. ಗಾಸ್ತೋಂ ಜಿಲೇನ್‌ಳನ್ನು ಹುಲ್ಲಿನ ರಾಶಿಯ ಮಗ್ಗುಲಿಗೆ ಕರೆದು ದನಿ ತಗ್ಗಿಸಿದ.

"ನೋಡು, ಪೇಟೆ ಬೀದಿಗೆ ನಿನ್ನೆ ಕರೆಂಟು ಬಂತು. ನಿಮ್ಮ ನೆನಪಾಯ್ತು, ತಂದಿದೀನಿ."

"ಮೋಟೆಲಿಗೆ ಬೇಡವಾದ ಮೇಲೆ ನೆನಪಾಯ್ತು."

"ಪತ್ರಿಕೆಯವರು, ಕರೆಂಟು ಕಂಪನಿ ಎಂಜಿನಿಯರುಗಳು ಅಲ್ಲೇ ಇಳ್ಕೊಂಡಿದ್ರು ಮಾರಾಯ್ತಿ. ಅವರು ಬಿಸಿನೀರಿಲ್ಲದೆ ಕೆಲಸ ಮಾಡಕ್ಕಾಗುತ್ತಾ?"

"ನಾವು ಮಾಡಿದ್ವಲ್ಲ."

"ಆಯ್ತು, ಈಗ ಆ ಮಾತೆಲ್ಲ ಯಾಕೆ. ಒಂದು ಸಣ್ಣ ಕೆಲಸ. ಆ ಕರಿ ಹಸು ಪಕ್ಕ ನಿಂತ್ಕೋ. ಹುಡುಗಿ ಕೇಳ್ತಾಳೆ. ಜನರೇಟರ್ ಕೊಟ್ಟಿದ್ದಕ್ಕೆ ಪುರಸಭೆಗೆ, ಮೇಯರಿಗೆ ನಾಲ್ಕನೇ ಸಾಲಿನವರೆಲ್ಲರ ಧನ್ಯವಾದ ಅನ್ನು. ಅಷ್ಟೇ. ಆ ಕ್ಷಣ ನೋರ್ಮಾಂ ಕೊಂಡಿ ಬಿಚ್ತಾನೆ."

"ಅನ್ನದೆ ಇದ್ರೆ?"

ಗಾಸ್ತೋಂ ಕೈಗವಸು ಸರಿಮಾಡಿಕೊಂಡ. "ಎರಡನೇ ಸಾಲಿನವರೂ ಕೇಳ್ತಿದಾರೆ. ಅವರೂ ನನ್ನ ಜನಾನೇ. ನನ್ನ ಕೈಲೇನಿದೆ ಹೇಳು?"

"ನಿನ್ನ ಕೈಲಿ ನಮ್ಮ ಜನರೇಟರಿದೆ."

ಮಾತು ತಗ್ಗಿದ ದನಿಯದಾದರೂ ಕೊಟ್ಟಿಗೆಯಲ್ಲಿ ಎಲ್ಲರಿಗೂ ಕೇಳಿತ್ತು. ಚಮಚೆಗಳ ಸದ್ದು ನಿಂತಿತ್ತು. ಲಿಸೆಟ್ ಎದ್ದು ಬಂದು ಮೈಕಿನ ಹುಡುಗಿಯನ್ನು ಮೇಲಿಂದ ಕೆಳಗೆ ಪ್ರೀತಿಯಿಂದಲೇ ನೋಡಿದಳು.

"ಎಲ್ಲಿ ಇಳ್ಕೊಂಡಿದೀಯ ಮಗಳೆ? ಮೋಟೆಲಲ್ಲಾ? ಬಿಸಿನೀರು ಚೆನ್ನಾಗಿ ಬಂತಾ?"

"ಬಂತು ಮದಾಮ್," ಎಂದಳು ಪಾಪದ ಹುಡುಗಿ.

"ನಮ್ಮ ಕಡೆಯಿಂದ," ಎಂದಳು ಲಿಸೆಟ್. "ಅದೋ ಆ ಲಾರಿ ಹಿಂದೆ ಕಟ್ಟಿದೆಯಲ್ಲ, ಅದೇ ಕಾಯಿಸಿದ್ದು. ನಾವು ಸ್ನಾನ ಮಾಡಿ ವಾರ ಆಗ್ತಾ ಬಂತು. ವಾಸನೆ ಬಂದ್ರೆ ಬೇಜಾರು ಮಾಡ್ಕೋಬೇಡ."

ಹುಡುಗಿಯ ಮುಖ ಕೆಂಪಾಯಿತು. ಕ್ಯಾಮೆರಾದವನು ಬೇರೆ ಕಡೆ ನೋಡಿದ.

ಇವೋನ್ ಜಿಲೇನ್‌ಳ ಹತ್ತಿರ ಬಂದ. ತೊಟ್ಟ ಪ್ಯಾಂಟಿನ ಮಂಡಿ ಹರಿದಿತ್ತು, ಬೆಳಿಗ್ಗೆ ತೊರೆಯ ಬಳಿ ಬಿದ್ದದ್ದು. "ಹೇಳ್ಬಿಡು ಜಿಲೇನ್," ಎಂದ ಮೆಲ್ಲಗೆ. "ಮಾತಿಗೇನು, ಬರೀ ಗಾಳಿ. ನಾಳೆಗೆ ಯಾರಿಗೂ ನೆನಪಿರಲ್ಲ. ನೀರಿನ ಪಂಪು ಓಡುತ್ತೆ. ಇವಳ ಕೈ ನೋಡು."

ಜಿಲೇನ್ ಲಿಸೆಟ್‌ಳ ಕೈ ನೋಡಿದಳು. ನೋಡದೆಯೂ ಗೊತ್ತಿತ್ತು. ಇವೋನ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಒಂದು ವಾಕ್ಯ. ಆಮೇಲೆ ಬಿಸಿನೀರು, ಯಂತ್ರ, ರಾತ್ರಿ ನಿದ್ದೆ. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅವಳೊಬ್ಬಳದೇ ಮಾತಾಗಿದ್ದರೆ ಹೇಳಿಯೂ ಬಿಡುತ್ತಿದ್ದಳೇನೋ. ಹಸುಗಳಿಗಾಗಿ ಅವಳು ಇದಕ್ಕಿಂತ ಕಹಿ ನುಂಗಿದವಳು. ಆದರೆ ಅವನು ಕೇಳಿದ್ದು ಸಾಲಿನವರೆಲ್ಲರ ಧನ್ಯವಾದ. ಕಸಿದವನು ದಾನಿಯಾಗಿ ರಾತ್ರಿ ಕರೆಂಟಿರುವ ಮನೆಗಳ ಟೀವಿ ಪರದೆಯ ಮೇಲೆ ನಿಲ್ಲುತ್ತಾನೆ. ಈ ಮಾತು ಒಮ್ಮೆ ಅವಳ ಬಾಯಿಂದ ಹೊರಟರೆ ಆ ಯಂತ್ರ ಇನ್ನು ಪುರಸಭೆಯದು. ನಾಲ್ಕನೇ ಸಾಲಿಗೆ ಕೊಟ್ಟದ್ದು, ಬೇಕೆಂದಾಗ ತಿರುಗಿ ಪಡೆಯಬಹುದಾದದ್ದು. ಮುಂದಿನ ಮಳೆಗೆ ಲಾರಿ ಬಂದಾಗ ಬೈಯುವ ಹಕ್ಕೂ ಇರುವುದಿಲ್ಲ.

ಅವಳು ಲಿಸೆಟ್‌ಳನ್ನು ಕೇಳಿದಳು: "ಸಂಜೆಗೆ ಕೈ ಬರುತ್ತಾ?"

"ಬರದೆ ಎಲ್ಲಿಗೆ ಹೋಗುತ್ತೆ, ಭುಜಕ್ಕೆ ಅಂಟ್ಕೊಂಡಿದೆ," ಎಂದಳು ಲಿಸೆಟ್.

ಇವೋನ್ ಹೆಂಡತಿಯನ್ನು ನೋಡಿದ, ಲಾರಿಯನ್ನು ನೋಡಿದ, ದೊಡ್ಡ ಉಸಿರು ಬಿಟ್ಟು ನೀರಿನ ಬಕೆಟ್ಟುಗಳನ್ನು ಎತ್ತಿಕೊಂಡ. ಈ ಸಲ ಯಾವ ದೇವರ ಪಾತ್ರೆಯ ಹೆಸರೂ ಹೇಳಲಿಲ್ಲ.

ಕ್ಯಾಮೆರಾದ ಕೆಂಪು ದೀಪ ಹತ್ತಿತು. ಹುಡುಗಿ ಮೈಕು ಚಾಚಿದಳು. "ಮದಾಮ್, ಮೇಯರಿಗೆ ಏನಾದರೂ ಹೇಳ್ತೀರಾ?"

"ಹೇಳಲ್ಲ."

"ಧನ್ಯವಾದ ಅಂತ..." ಎಂದು ಗಾಸ್ತೋಂ ಪಕ್ಕದಿಂದ ನೆನಪಿಸಿದ.

"ಅದನ್ನೇ ಹೇಳಲ್ಲ ಅಂದಿದ್ದು. ನಮ್ಮದನ್ನ ನಮಗೆ ಕೊಡೋದಕ್ಕೆ ನಾವು ಧನ್ಯವಾದ ಹೇಳಲ್ಲ. ಇಳಿಸ್ತೀಯಾ, ಇಳಿಸು. ಇಲ್ಲ ಅಂದ್ರೆ ಹೋಗುವಾಗ ಬಾಗಿಲು ಎಳ್ಕೊಂಡು ಹೋಗು, ಹಸುಗಳಿಗೆ ಶೀತ ಬಡಿಯುತ್ತೆ."

ಗಾಸ್ತೋಂ ಕ್ಯಾಮೆರಾದ ಕಡೆ ಕೈ ಬೀಸಿದ. "ಇದು ಬೇಡ, ಇದು ಬೇಡ. ಇನ್ನೊಂದು ಸಲ ತಗೊಳ್ಳೋಣ. ಜಿಲೇನ್, ಈ ಕಡೆ ತಿರುಗು. ನಗ್ತಾ ಹೇಳು."

ಜಿಲೇನ್ ತಿರುಗಲಿಲ್ಲ. ಬಕೆಟ್ಟನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಕೋಂತೆಸ್‌ಳ ಬೆಚ್ಚಗಿನ ಹೊಟ್ಟೆಗೆ ಹಣೆ ಆನಿಸಿ ಕೂತು, "ಬಡಿ ಚಿಕ್ಕಪ್ಪ, ಬೇಜಾರಾಗೋ ಹಾಗೆ," ಎಂದಳು.